ಬೇಡನ ಮೇಲಿನ ಆಪಾದನೆ

ಲಿಂಗದ ಕಣ್ಣಿಂದ ನೆತ್ತರು ಸುರಿಯುವುದನ್ನು ಕಂಡು ತನ್ನ ಕಣ್ಣನ್ನೇ ಕಿತ್ತಿಟ್ಟ ಬೇಡನನ್ನು ಒಮ್ಮೆ ಬೆಳ್ಳಿತೆರೆಯ ಮೇಲೆ ಕಂಡ ಪ್ರೇಕ್ಷಕನ ಚಿತ್ತದಲ್ಲಿ, ಅದಕ್ಕೆ ಮುನ್ನ ಆ ಬೇಡನ ಮೈಮೇಲೆ ಬಿದ್ದ ಪೆಟ್ಟುಗಳಿಗೆ ಸ್ಥಳವುಳಿಯುವುದು ದುರ್ಲಭ. ಎಚ್.ಎಲ್.ಎನ್. ಸಿಂಹರು ನಿರ್ದೇಶಿಸಿ 1954ರಲ್ಲಿ ತೆರೆಗೆ ತಂದ ‘ಬೇಡರ ಕಣ್ಣಪ್ಪ’ವನ್ನು ಈಚೆಗೆ ಪುನಃ ನೋಡಿದಾಗ ನಮ್ಮನ್ನು ತಡೆದು ನಿಲ್ಲಿಸಿದುದು ಆ ಪೆಟ್ಟುಗಳೇ. ದೇಗುಲದ ಆಭರಣಗಳು ಕಾಣೆಯಾಗುತ್ತವೆ, ಅಪರಾಧವು ಬೇಡನ ತಲೆಗೆ ಬರುತ್ತದೆ, ಚಿತ್ರಹಿಂಸೆ ನಡೆಯುತ್ತದೆ.

ಸೇಕ್ಕಿಳಾರನ ‘ಪೆರಿಯ ಪುರಾಣ’ದ ಕಥೆಯಲ್ಲಾದರೋ ಅರ್ಚಕನಾದ ಶಿವಗೋಚರಿಯು ದುಷ್ಟನಲ್ಲ. ಗರ್ಭಗುಡಿಯಲ್ಲಿ ಮಾಂಸವನ್ನು ಕಂಡು ನೊಂದವನು, ಸ್ವಪ್ನದಲ್ಲಿ ಶಿವನ ಅಪ್ಪಣೆಯನ್ನು ಪಡೆದು, ಮರೆಯಲ್ಲಿ ನಿಂತು ಬೇಡನ ಭಕ್ತಿಯನ್ನು ಕಣ್ಣಾರೆ ಕಂಡು ಬೆರಗಾದವನು. ಅಲ್ಲಿ ಸಾಕ್ಷಿಯಾಗಿದ್ದವನ ಸ್ಥಾನದಲ್ಲಿ ಚಲನಚಿತ್ರವು ಒಬ್ಬ ಆಪಾದಕನನ್ನು ನಿಲ್ಲಿಸಿತು. ಆದುದರಿಂದಲೇ ಕಣ್ಣಪ್ಪನ ಭಕ್ತಿಯನ್ನು ಮುಗ್ಧನೊಬ್ಬನ ಅರಿಯದ ಭಕ್ತಿಯೆಂದು ಕರೆದು ಸುಮ್ಮನಾಗುವಂತಿಲ್ಲ. ಯಾವ ದೇಗುಲದ ಹೆಸರಿನಲ್ಲಿ ತನ್ನನ್ನು ಕಳ್ಳನೆಂದರೋ ಆ ದೇಗುಲದ ದೇವರಿಗೇ, ಎಲ್ಲವನ್ನೂ ಅನುಭವಿಸಿದ ಮೇಲೆ, ಅವನು ಕಣ್ಣನ್ನು ಕೊಡುತ್ತಾನೆ.

ಇಷ್ಟು ದೂರ ಬಂದ ಚಿತ್ರವು ಹಿಂದೆ ಸರಿದುದೂ ಉಂಟು. ನಾಯಕ ನಾಯಿಕೆಯರು ದೇವಲೋಕದಿಂದ ಭೂಮಿಗಿಳಿದವರು, ಅವರ ಕಷ್ಟಗಳೆಲ್ಲ ದೈವಪರೀಕ್ಷೆಗಳು ಎಂಬ ಚೌಕಟ್ಟನ್ನು ಕಥೆಗೆ ತೊಡಿಸಿದೊಡನೆ, ಹೊಡೆದವರ ಹೊಣೆ ಅರ್ಧಕ್ಕರ್ಧ ಇಳಿದುಹೋಗುತ್ತದೆ. ಆ ಕಾಲದ ಪೌರಾಣಿಕ ಚಿತ್ರಕ್ಕೆ ಇದು ಅನಿವಾರ್ಯವಾಗಿತ್ತೆಂದು ವಾದಿಸುವವರಿದ್ದಾರು; ನಮಗೆ ಆ ವಾದ ಒಪ್ಪಿಗೆಯಾಗದು. ಪಂಡರಿಬಾಯಿಯವರ ಸಂಯಮದ ಅಭಿನಯಕ್ಕಾಗಲಿ, ಗುಬ್ಬಿ ಕಂಪನಿಯ ರಂಗಭೂಮಿಯಲ್ಲಿ ಪಳಗಿಬಂದ ರಾಜ್‌ಕುಮಾರರ ಕಂಠಕ್ಕಾಗಲಿ ದೇವಲೋಕದ ಆಸರೆ ಬೇಕಿರಲಿಲ್ಲ.

ರಾಜ್‌ಕುಮಾರರು ನಾಯಕರಾದ ಮೊದಲ ಚಿತ್ರವಿದು. ಅವರ ತಂದೆ, ನಟರಾದ ಪುಟ್ಟಸ್ವಾಮಯ್ಯನವರ ಹೆಸರಿಗಂಟಿದ ಸಿಂಗಾನಲ್ಲೂರು ನಮ್ಮ ಕೊಳ್ಳೇಗಾಲದ ಸೀಮೆಯದೇ. ಚಿತ್ರ ಬಿಡುಗಡೆಯಾದಾಗ ಕಾಮಗೆರೆ, ಹನೂರುಗಳನ್ನೊಳಗೊಂಡ ಆ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮಾತ್ರ, ಒಂದು ಕಾಲಕ್ಕೆ ದಿವಾನ್ ಪೂರ್ಣಯ್ಯನವರ ಜಹಗೀರಿಯಾಗಿದ್ದುದು, ಮೈಸೂರಿನದು. 1956ರ ನವೆಂಬರ್ 1ರವರೆಗೂ ಇದೇ ಸ್ಥಿತಿ. ಕನ್ನಡದ ಚಿತ್ರಗಳೂ ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ದಿನಗಳಾದುದರಿಂದ, ಈ ಭಾಗದವರಿಗೆ ಕಣ್ಣಪ್ಪನು ತಮ್ಮದೇ ರಾಜಧಾನಿಯಿಂದ ತಮ್ಮದೇ ನುಡಿಯಲ್ಲಿ ಬಂದನೆನ್ನಬೇಕು!

ಆದರೆ ತೆರೆಯ ಮೇಲಿನ ದೇಗುಲ ನಮ್ಮ ಬೆಟ್ಟದ ಗುಡಿಯಂತಲ್ಲ. ಏಳುಮಲೆಯ ಮಾದೇಶ್ವರನನ್ನು ಪೂಜಿಸುವವರು ಬೇಡಗಂಪಣರು. ಅಲ್ಲಿನ ಸೋಲಿಗರೂ ಅವನನ್ನು ತಮ್ಮವನೆಂದೇ ಬಗೆದವರು. ಕಂಸಾಳೆಯವರು ಹಾಡುವ ಕಾವ್ಯದಲ್ಲಿ ಸೋಲಿಗರ ಸಂಕಮ್ಮನ ಮೇಲೂ ಸಂಶಯದ ಹೊರೆ ಬೀಳುತ್ತದೆ. ಆದರೆ ಸಂಶಯಪಡುವವನು ಅವಳ ಗಂಡನೇ ಹೊರತು ಪೂಜಾರಿಯಲ್ಲ, ಮಾದಪ್ಪನು ಅವಳ ಪಕ್ಷದಲ್ಲಿ ನಿಲ್ಲುತ್ತಾನೆ. ಇಂಥ ಕಥೆಯನ್ನು ರಾತ್ರಿಯೆಲ್ಲ ಕೇಳಿ ಬೆಳೆದ ಕಿವಿಗಳಿಗೆ, ಕಾಡಿನವನನ್ನು ಗುಡಿಯ ಬಾಗಿಲಲ್ಲಿಯೇ ಕಳ್ಳನೆಂದು ಹಿಡಿಯುವ ದೃಶ್ಯ ಹೇಗೆ ಕೇಳಿಸಿರಬೇಕು? ಪಟ್ಟಣದ ವಿಮರ್ಶಕರಿಂದ ಇದಕ್ಕೆ ಉತ್ತರ ದೊರೆಯಲಾರದು. ಟೆಂಟಿನ ನೆಲದ ಮೇಲೆ ಕುಳಿತು ಈ ಚಿತ್ರವನ್ನು ಕಂಡ ಹಿರಿಯರು ಇನ್ನೂ ನಮ್ಮ ಊರುಗಳಲ್ಲಿದ್ದಾರೆ. ಅಂದು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡುದು ಬೇಡನು ಕಣ್ಣು ಕಿತ್ತಾಗಲೋ, ಪೆಟ್ಟು ತಿಂದಾಗಲೋ ಎಂಬುದನ್ನು ಅವರಿಂದ ಕೇಳಿ ಬರೆದು ಕಳುಹಿಸುವ ಓದುಗರ ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಸ್ಥಳವನ್ನು ಕಾದಿರಿಸಿದ್ದೇವೆ.