ಪೈಲಟ್ ಕನಸು: ಡಿಗ್ರಿಗೆ ಒಂದು ಲೆಕ್ಕ, ಲೈಸೆನ್ಸ್‌ಗೆ ಇನ್ನೊಂದು ಲೆಕ್ಕ

2025ರ ಡಿಸೆಂಬರ್ ಮೊದಲ ವಾರ ಇಂಡಿಗೋದ ಸಾವಿರಾರು ವಿಮಾನಗಳು ರದ್ದಾದವು. ಮುಂಬೈ, ಬೆಂಗಳೂರು ಮೂಲಕ ಊರಿಗೆ ಹೊರಟವರಿಗೂ ಅದರ ಬಿಸಿ ತಟ್ಟಿತು. ಕಾರಣ ಮಳೆಯೂ ಅಲ್ಲ, ಮಂಜೂ ಅಲ್ಲ. ಪೈಲಟ್‌ಗಳ ಡ್ಯೂಟಿ ಸಮಯದ ಹೊಸ ನಿಯಮದ ಎರಡನೇ ಹಂತ ನವೆಂಬರ್ 1ರಿಂದ ಜಾರಿಯಾಗಿತ್ತು. ವಾರದ ವಿಶ್ರಾಂತಿ ಮೊದಲ ಹಂತದಲ್ಲೇ 36 ಗಂಟೆಯಿಂದ 48 ಗಂಟೆಗೆ ಏರಿತ್ತು. ಒಬ್ಬ ಪೈಲಟ್ ಮಾಡಬಹುದಾದ ರಾತ್ರಿ ಲ್ಯಾಂಡಿಂಗ್ 6ರಿಂದ 2ಕ್ಕೆ ಇಳಿಯಿತು. ಅಷ್ಟೇ ವಿಮಾನ ಹಾರಿಸೋಕೆ ಹೆಚ್ಚು ಪೈಲಟ್‌ಗಳು ಬೇಕಾದರು, ಆ ತಯಾರಿ ಸಾಕಾಗಿರಲಿಲ್ಲ.

ಅಂದಿನಿಂದ ಗಲ್ಫ್‌ನ ಕನ್ನಡ ಕುಟುಂಬಗಳಲ್ಲಿ ಒಂದು ಮಾತು ಓಡಾಡುತ್ತಿದೆ: ದೇಶದಲ್ಲಿ ಪೈಲಟ್‌ಗಳೇ ಇಲ್ಲ, ಮಗನನ್ನೋ ಮಗಳನ್ನೋ ಪೈಲಟ್ ಮಾಡಿದರೆ ಕೆಲಸ ಗ್ಯಾರಂಟಿ. ಇದರ ಬೆನ್ನಿಗೇ ವಾಟ್ಸ್‌ಆ್ಯಪ್‌ನಲ್ಲಿ ‘ಪೈಲಟ್ ಡಿಗ್ರಿ’ ಕಾಲೇಜುಗಳ ಬ್ರೋಷರ್‌ಗಳೂ ಬರುತ್ತಿವೆ. ಮೊದಲ ಪುಟದಲ್ಲಿ ಸಮವಸ್ತ್ರ, ಹಿಂದೆ ದೊಡ್ಡ ವಿಮಾನ, ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಫೀಸು. ಸಹಿ ಹಾಕುವ ಮೊದಲು ಈ ಮಾತನ್ನು ಬಿಡಿಸಿ ನೋಡುವುದು ಒಳ್ಳೆಯದು.

ಕೊರತೆ ಯಾರದ್ದು?

ವಿಮಾನ ಕಂಪನಿಗಳಿಗೆ ತುರ್ತಾಗಿ ಬೇಕಾಗಿರುವುದು ಕ್ಯಾಪ್ಟನ್‌ಗಳು ಮತ್ತು ಎ320, ಬೋಯಿಂಗ್ 737ನಂಥ ವಿಮಾನದಲ್ಲಿ ಈಗಾಗಲೇ ಹಾರಿಸಿ ಅನುಭವ ಇರುವವರು. ನಿನ್ನೆ ಮೊನ್ನೆ ಲೈಸೆನ್ಸ್ ಪಡೆದ, ಸಣ್ಣ ವಿಮಾನದಲ್ಲಿ 200 ಗಂಟೆ ಹಾರಿಸಿದ 20 ವರ್ಷದ ಹುಡುಗ ಆ ಜಾಗ ತುಂಬಲು ಆಗುವುದಿಲ್ಲ. ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2022ರಲ್ಲಿ 1,165 ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಕೊಟ್ಟಿತು. 2023ರಲ್ಲಿ 1,622. ಇವರೆಲ್ಲರೂ ಮರುದಿನವೇ ಕಾಕ್‌ಪಿಟ್‌ಗೆ ಹೋಗಲಿಲ್ಲ. ಲೈಸೆನ್ಸ್ ಕೈಯಲ್ಲಿ ಹಿಡಿದು ಕಾಯುವವರ ಸಾಲು ಇದ್ದೇ ಇದೆ.

ಹಾಗಂತ ಬೇಡಿಕೆ ಸುಳ್ಳೂ ಅಲ್ಲ. ಏರ್ ಇಂಡಿಯಾ 2023ರ ಫೆಬ್ರವರಿಯಲ್ಲಿ 470 ವಿಮಾನಗಳ ಆರ್ಡರ್ ಘೋಷಿಸಿತು. ಅದೇ ವರ್ಷ ಜೂನ್‌ನಲ್ಲಿ ಇಂಡಿಗೋ 500 ವಿಮಾನಗಳಿಗೆ ಸಹಿ ಹಾಕಿತು. ಅವು ಬರಬೇಕಾಗಿರುವುದು 2030ರಿಂದ 2035ರ ನಡುವೆ. ಇವತ್ತು 10ನೇ ಕ್ಲಾಸಿನಲ್ಲಿರುವ ಮಗುವಿಗೆ ಆ ಹೊತ್ತಿಗೆ ಸರಿಯಾದ ವಯಸ್ಸು. ಆದರೆ ಈ ಉದ್ಯಮದಲ್ಲಿ ಅಲೆ ಬರುತ್ತದೆ, ಇಳಿಯುತ್ತದೆ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಿತು. 2020ರಲ್ಲಿ ಕೋವಿಡ್ ಬಂತು. 2023ರ ಮೇನಲ್ಲಿ ಗೋ ಫಸ್ಟ್ ನಿಂತಿತು. ಹೀಗೊಂದು ಕಂಪನಿ ಮುಚ್ಚಿದಾಗ ಸಾವಿರಾರು ಗಂಟೆ ಅನುಭವ ಇರುವ ಪೈಲಟ್‌ಗಳು ಕೆಲಸ ಹುಡುಕಿಕೊಂಡು ಬರುತ್ತಾರೆ, ಹೊಸಬರ ಸರದಿ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಓದು ಮುಗಿದ ವರ್ಷವೇ ಸಂಬಳ ಶುರು ಅಂತ ಲೆಕ್ಕ ಹಾಕುವುದು ಅಪಾಯ. ಎರಡು ಮೂರು ವರ್ಷ ಕಾಯಬೇಕಾದರೆ ಮನೆ ತಡೆದುಕೊಳ್ಳುತ್ತದೆಯೇ ಎಂಬುದೇ ಮುಖ್ಯ ಪ್ರಶ್ನೆ.

ಕಾನೂನು ಡಿಗ್ರಿ ಕೇಳುವುದಿಲ್ಲ

ಹೆಚ್ಚಿನ ಪಾಲಕರಿಗೆ ಗೊತ್ತಿಲ್ಲದ ಸಂಗತಿ ಇದು. ಭಾರತದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಡಿಗ್ರಿ ಬೇಕಿಲ್ಲ. 18 ವರ್ಷ ತುಂಬಿರಬೇಕು. 12ನೇ ತರಗತಿ ಅಥವಾ ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಪಾಸಾಗಿರಬೇಕು. ಕ್ಲಾಸ್ 1 ಮೆಡಿಕಲ್ ಬೇಕು. ಏರ್ ನ್ಯಾವಿಗೇಶನ್, ಹವಾಮಾನ, ವಾಯು ನಿಯಮ, ಟೆಕ್ನಿಕಲ್ ಪೇಪರ್‌ಗಳಲ್ಲಿ ಶೇ. 70 ಅಂಕ ಬೇಕು, ಜೊತೆಗೆ ರೇಡಿಯೋ ಪರೀಕ್ಷೆ. ಕೊನೆಗೆ 200 ಗಂಟೆ ಹಾರಾಟ. ಅದರಲ್ಲಿ 100 ಗಂಟೆ ತಾನೇ ಪೈಲಟ್ ಇನ್ ಕಮಾಂಡ್ ಆಗಿ ಹಾರಿಸಿರಬೇಕು.

ಹಾಗಾದರೆ ‘ಪೈಲಟ್ ಡಿಗ್ರಿ’ ಅಂದರೆ ಏನು? ಹೆಸರು ಒಂದೇ ಥರ ಕಂಡರೂ ಒಳಗೆ ಬೇರೆ ಬೇರೆ. ಬಿಬಿಎ ಏವಿಯೇಶನ್ ಎಂಬುದು ಏರ್‌ಪೋರ್ಟ್ ಮತ್ತು ವಿಮಾನ ಕಂಪನಿಯ ಆಡಳಿತ ಕಲಿಸುವ ಕೋರ್ಸ್. ಅದನ್ನು ಮುಗಿಸಿದವರು ಕೌಂಟರ್, ಕಾರ್ಗೋ, ಆಫೀಸ್ ಕೆಲಸಕ್ಕೆ ಹೋಗಬಹುದು. ಅದರಿಂದ ವಿಮಾನ ಹಾರಿಸಲು ಬರುವುದಿಲ್ಲ. ಬಿಎಸ್ಸಿ ಏವಿಯೇಶನ್‌ನಲ್ಲಿ ಪೈಲಟ್ ಪರೀಕ್ಷೆಯ ವಿಷಯಗಳು ಇರುತ್ತವೆ. ಕೆಲವು ಕಾಲೇಜುಗಳು ಫ್ಲೈಯಿಂಗ್ ಸ್ಕೂಲ್ ಜೊತೆ ಒಪ್ಪಂದ ಮಾಡಿಕೊಂಡಿರುತ್ತವೆ, ಆದರೆ ಸಾಮಾನ್ಯವಾಗಿ ಹಾರಾಟದ ಫೀಸು ಬೇರೆ. ಕಾಲೇಜಿಗೆ ಕಟ್ಟಿದ ಲಕ್ಷಗಳಲ್ಲಿ ಒಂದು ಗಂಟೆಯ ಹಾರಾಟವಾದರೂ ಸೇರಿದೆಯೇ ಎಂದು ಬರವಣಿಗೆಯಲ್ಲಿ ಕೇಳಬೇಕು.

ಡಿಗ್ರಿಗೆ ತೂಕ ಇರುವುದು ಅಮೆರಿಕದಲ್ಲಿ. ಅಲ್ಲಿ ಏರ್‌ಲೈನ್ ಪೈಲಟ್ ಆಗಲು ಸಾಮಾನ್ಯವಾಗಿ 1,500 ಗಂಟೆ ಬೇಕು. ಮಾನ್ಯತೆ ಇರುವ ಕಾಲೇಜಿನಲ್ಲಿ ನಾಲ್ಕು ವರ್ಷದ ಏವಿಯೇಶನ್ ಡಿಗ್ರಿ ಮಾಡಿ ಅಲ್ಲೇ ತರಬೇತಿ ಪಡೆದವರಿಗೆ 1,000 ಗಂಟೆ ಸಾಕು. ಆ 500 ಗಂಟೆಯ ಉಳಿತಾಯಕ್ಕಾಗಿ ಅಲ್ಲಿನವರು ಕಾಲೇಜು ಹುಡುಕುತ್ತಾರೆ. ಅಲ್ಲಿ ಕೆಲಸ ಮಾಡುವ ಹಕ್ಕು ಇಲ್ಲದ ಭಾರತೀಯ ವಿದ್ಯಾರ್ಥಿಗೆ ಈ ಲಾಭ ಕೈಗೆ ಸಿಗುವುದು ಕಷ್ಟ.

ಡಿಗ್ರಿ ಬೇಡವೇ ಬೇಡ ಅಂತಲ್ಲ. ಪೈಲಟ್ ಕೆಲಸ ನಿಂತಿರುವುದು ಮೆಡಿಕಲ್ ಸರ್ಟಿಫಿಕೇಟ್ ಮೇಲೆ. 30ನೇ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆಯೋ ಹೃದಯದ ತೊಂದರೆಯೋ ಬಂದರೆ ಲೈಸೆನ್ಸ್ ಇದ್ದೂ ಕೆಳಗೆ ಕೂರಬೇಕಾಗಬಹುದು. ಆಗ ಊಟ ಹಾಕಬೇಕಾದದ್ದು ಡಿಗ್ರಿ. ಅದಕ್ಕೇ ಅದು ವಿಮಾನಕ್ಕೆ ಸಂಬಂಧವಿಲ್ಲದ, ಎಲ್ಲಿ ಬೇಕಾದರೂ ನಡೆಯುವ ಬಿಕಾಂ, ಬಿಎಸ್ಸಿ, ಬಿಸಿಎ ಆಗಿದ್ದರೆ ಒಳ್ಳೆಯದು. ಹಾರಾಟದ ಜೊತೆಗೇ ಇಗ್ನೋ ಅಥವಾ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಕಡಿಮೆ ಖರ್ಚಿನಲ್ಲಿ ಇಂಥ ಡಿಗ್ರಿ ಮುಗಿಸಬಹುದು. ಏವಿಯೇಶನ್ ಡಿಗ್ರಿ ಮತ್ತು ಪೈಲಟ್ ಲೈಸೆನ್ಸ್ ಎರಡೂ ಒಂದೇ ಉದ್ಯಮವನ್ನು ನಂಬಿವೆ. ಉದ್ಯಮ ಕುಸಿದರೆ ಎರಡೂ ಒಟ್ಟಿಗೆ ಕುಸಿಯುತ್ತವೆ.

ದಿರ್ಹಂ ಲೆಕ್ಕ

ಭಾರತದಲ್ಲಿ ಲೈಸೆನ್ಸ್‌ವರೆಗಿನ ತರಬೇತಿಗೆ ಈಗ ಸುಮಾರು 50ರಿಂದ 65 ಲಕ್ಷ ರೂಪಾಯಿ ಆಗುತ್ತದೆ. ಅಲ್ಲಿಗೆ ಮುಗಿಯಲಿಲ್ಲ. ದೊಡ್ಡ ವಿಮಾನ ಹಾರಿಸಲು ಟೈಪ್ ರೇಟಿಂಗ್ ಬೇಕು, ಅದಕ್ಕೆ ಇನ್ನೂ 15ರಿಂದ 20 ಲಕ್ಷ. ವಿಮಾನ ಕಂಪನಿಗಳ ಕೆಡೆಟ್ ಕಾರ್ಯಕ್ರಮಗಳಲ್ಲಿ ಎಲ್ಲ ಒಟ್ಟಿಗೆ ಸಿಗುತ್ತದೆ, ಕೊನೆಗೆ ಕೆಲಸದ ದಾರಿಯೂ ಇರುತ್ತದೆ. ಆದರೆ ಖರ್ಚು ಒಂದು ಕೋಟಿ ದಾಟುವುದುಂಟು, ಕೆಲಸದ ಭರವಸೆಗೂ ಷರತ್ತುಗಳಿರುತ್ತವೆ.

ಶಾರ್ಜಾದಲ್ಲಿ ಸಂಸಾರ ಇಟ್ಟುಕೊಂಡಿರುವ, ಕುಂದಾಪುರ ಕಡೆಯ ಒಬ್ಬ ಸ್ಟೋರ್ ಕೀಪರ್ ಅಂತ ಇಟ್ಟುಕೊಳ್ಳೋಣ. ಬಾಡಿಗೆ, ಶಾಲೆ ಫೀಸು, ಊರಿಗೆ ಕಳಿಸುವುದು ಎಲ್ಲ ಕಳೆದು ತಿಂಗಳಿಗೆ 3,000 ದಿರ್ಹಂ ಉಳಿಯುತ್ತದೆ. ಅದೇ ದೊಡ್ಡ ಮಾತು. ದಿರ್ಹಂಗೆ 24 ರೂಪಾಯಿ ಲೆಕ್ಕದಲ್ಲಿ 80 ಲಕ್ಷ ಅಂದರೆ 3,33,000 ದಿರ್ಹಂ. ಒಂಬತ್ತು ವರ್ಷಕ್ಕೂ ಮೀರಿದ ಉಳಿತಾಯ. ಸಾಲ ಮಾಡಿದರೆ? 50 ಲಕ್ಷಕ್ಕೆ ಶೇ. 11 ಬಡ್ಡಿ, 10 ವರ್ಷದ ಅವಧಿ ಅಂದರೆ ತಿಂಗಳ ಕಂತು ಸುಮಾರು 68,900 ರೂಪಾಯಿ, ಹೆಚ್ಚು ಕಡಿಮೆ 2,870 ದಿರ್ಹಂ. ಬಡ್ಡಿಯೇ 32 ಲಕ್ಷ ದಾಟುತ್ತದೆ. ಇಷ್ಟು ದೊಡ್ಡ ಸಾಲಕ್ಕೆ ಬ್ಯಾಂಕ್ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತದೆ, ಅಂದರೆ ಊರಿನ ಮನೆ. ಹಿರಿಯ ಮಗಳ ಹಾರಾಟಕ್ಕೆ ಮನೆ ಅಡವಿಟ್ಟರೆ ಎರಡನೆಯ ಮಗನ ಓದಿಗೆ ಏನು ಉಳಿಯಿತು? ಈ ಪ್ರಶ್ನೆಯನ್ನು ಮಕ್ಕಳಿಬ್ಬರ ಎದುರೇ ಕೂತು ಮಾತಾಡಬೇಕು.

ಬಿಲ್ಲಿನಲ್ಲಿ ಒಂದು ಸಾಲನ್ನು ಮಾತ್ರ ತಪ್ಪದೆ ನೋಡಬೇಕು. ಡಿಜಿಸಿಎ ಅನುಮೋದಿತ ಸಂಸ್ಥೆಗಳ ಅನುಮೋದಿತ ಫ್ಲೈಯಿಂಗ್ ಕೋರ್ಸ್‌ಗೆ ಜಿಎಸ್‌ಟಿ ಇಲ್ಲ ಎಂದು 2024ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸ್ಪಷ್ಟಪಡಿಸಿದೆ. ಯಾರಾದರೂ ಶೇ. 18 ಸೇರಿಸಿ ಕೇಳಿದರೆ 50 ಲಕ್ಷಕ್ಕೆ 9 ಲಕ್ಷ ಹೆಚ್ಚು. ಯಾವುದಕ್ಕೆ ತೆರಿಗೆ ಹಾಕಿದ್ದಾರೆ ಎಂದು ಕೇಳುವ ಹಕ್ಕು ಪಾಲಕರಿಗಿದೆ.

ಇಲ್ಲೇ ಕಲಿಸಿದರೆ?

ಗಲ್ಫ್‌ನಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಎಮಿರೇಟ್ಸ್, ಕತಾರ್ ವಿಮಾನಗಳೇ ಕನಸು. ಆದರೆ ಎಮಿರೇಟ್ಸ್‌ನ ನ್ಯಾಷನಲ್ ಕೆಡೆಟ್ ಕಾರ್ಯಕ್ರಮ ಯುಎಇ ಪ್ರಜೆಗಳಿಗೆ. ದುಬೈ ಸೌತ್‌ನಲ್ಲಿ 2017ರಲ್ಲಿ ಶುರುವಾದ ಎಮಿರೇಟ್ಸ್ ಫ್ಲೈಟ್ ಟ್ರೈನಿಂಗ್ ಅಕಾಡೆಮಿಗೆ ಬೇರೆ ದೇಶದವರೂ ಫೀಸು ಕಟ್ಟಿ ಸೇರಬಹುದು, ಆದರೆ ಸೇರಿದ ಮಾತ್ರಕ್ಕೆ ಕೆಲಸ ಸಿಕ್ಕಿತು ಅಂತಲ್ಲ. ಇಲ್ಲಿನ ದೊಡ್ಡ ಕಂಪನಿಗಳು ಹೊರಗಿನವರನ್ನು ತೆಗೆದುಕೊಳ್ಳುವಾಗ ಸಾಮಾನ್ಯವಾಗಿ ಅನುಭವಿಗಳನ್ನೇ ನೋಡುತ್ತವೆ. ಹೊರದೇಶದ ಲೈಸೆನ್ಸ್ ತೆಗೆದುಕೊಂಡು ಭಾರತಕ್ಕೆ ಹೋದರೆ ಅಲ್ಲಿ ಮತ್ತೆ ಡಿಜಿಸಿಎ ಪರೀಕ್ಷೆ ಬರೆದು ಪರಿವರ್ತನೆ ಮಾಡಿಸಬೇಕು. ಪಾಸ್‌ಪೋರ್ಟ್ ಭಾರತದ್ದಾದವರಿಗೆ ಮೊದಲ ಕೆಲಸ ಸಿಗುವ ಸಾಧ್ಯತೆ ಹೆಚ್ಚಿರುವುದು ಭಾರತದಲ್ಲಿ. ಅಲ್ಲಿ ಕೆಲವು ಸಾವಿರ ಗಂಟೆ ಹಾರಿಸಿ ಗಲ್ಫ್‌ಗೆ ಬಂದವರು ಬೇಕಾದಷ್ಟು ಜನ ಇದ್ದಾರೆ.

ಯಾವುದು ಮೊದಲು?

ಮೊದಲು ಮೆಡಿಕಲ್. ಡಿಜಿಸಿಎ ಪಟ್ಟಿಯ ವೈದ್ಯರಲ್ಲಿ ಕ್ಲಾಸ್ 2, ಆಮೇಲೆ ಕ್ಲಾಸ್ 1. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲೂ ಕ್ಲಾಸ್ 1 ಪರೀಕ್ಷೆ ನಡೆಯುತ್ತದೆ. ಕನ್ನಡಕ ಇದ್ದರೆ ಗಾಬರಿ ಬೇಡ, ಸರಿಪಡಿಸಿದ ದೃಷ್ಟಿ ಸಾಕು. ಬಣ್ಣ ಗುರುತಿಸುವ ದೋಷ ಮಾತ್ರ ಹಲವರ ದಾರಿ ಮುಚ್ಚುತ್ತದೆ, ಮತ್ತು ಅದು ಇದೆ ಅಂತ ಪರೀಕ್ಷೆ ಮಾಡಿಸುವವರೆಗೆ ಎಷ್ಟೋ ಮಕ್ಕಳಿಗೆ ಗೊತ್ತೇ ಇರುವುದಿಲ್ಲ.

ಎರಡನೆಯದು ವಿಷಯ. 11ನೇ ತರಗತಿಯಲ್ಲಿ ಕಾಮರ್ಸ್ ತೆಗೆದುಕೊಂಡವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಫಿಸಿಕ್ಸ್, ಮ್ಯಾಥ್ಸ್ ಬರೆಯಬಹುದು. ಈ ಎರಡು ವಿಷಯಗಳ ಕಡ್ಡಾಯವನ್ನೇ ತೆಗೆಯುವ ಪ್ರಸ್ತಾಪ 2025ರಲ್ಲಿ ಸುದ್ದಿಯಾಯಿತು. ನಿಯಮ ಅಧಿಕೃತವಾಗಿ ಬದಲಾಗುವವರೆಗೆ ಸುದ್ದಿಯನ್ನು ನಂಬಿ ವಿಷಯ ಬಿಡಬಾರದು.

ಮೂರನೆಯದು ಪೇಪರ್‌ಗಳು. ಪುಸ್ತಕ, ಕೋಚಿಂಗ್ ಸೇರಿ ಕೆಲವೇ ಲಕ್ಷದ ಒಳಗಿನ ಖರ್ಚು. ಇವು ಪಾಸಾಗದೆ ಹಾರಾಟಕ್ಕೆ ದೊಡ್ಡ ಹಣ ಕಟ್ಟಿದವರು ಮಧ್ಯದಲ್ಲಿ ಸಿಕ್ಕಿಬೀಳುತ್ತಾರೆ.

ನಾಲ್ಕನೆಯದು ಫ್ಲೈಯಿಂಗ್ ಸ್ಕೂಲ್. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ, ಅದಕ್ಕೆ ಪ್ರವೇಶ ಪರೀಕ್ಷೆ ಇದೆ. ಕರ್ನಾಟಕದಲ್ಲಿ ಜಕ್ಕೂರಿನ ಸರ್ಕಾರಿ ಶಾಲೆ, ಬೆಳಗಾವಿ ಮತ್ತು ಕಲಬುರಗಿಯ ಖಾಸಗಿ ಶಾಲೆಗಳಿವೆ. 2025ರ ಅಕ್ಟೋಬರ್‌ನಿಂದ ಡಿಜಿಸಿಎ ಈ ಶಾಲೆಗಳಿಗೆ ದರ್ಜೆ ಕೊಡುತ್ತಿದೆ. ಮೊದಲ ಪಟ್ಟಿಯಲ್ಲಿ ಮೇಲಿನ ಎರಡು ದರ್ಜೆ ಯಾರಿಗೂ ಸಿಗಲಿಲ್ಲ. ಆ ಪಟ್ಟಿ ನೋಡಿದ ಮೇಲೂ ಮೂರು ಪ್ರಶ್ನೆ ಕೇಳಬೇಕು. ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ವಿದ್ಯಾರ್ಥಿಗಳು ಎಷ್ಟು? ಕಳೆದ ಬ್ಯಾಚ್‌ನವರು 200 ಗಂಟೆ ಮುಗಿಸಲು ಎಷ್ಟು ತಿಂಗಳು ಹಿಡಿಯಿತು? ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಣ ವಾಪಸ್? ಹಾರಿದ ಗಂಟೆಗೆ ತಕ್ಕಂತೆ ಕಂತಿನಲ್ಲಿ ಕಟ್ಟಲು ಒಪ್ಪದ ಕಡೆ ಎರಡು ಸಲ ಯೋಚಿಸಬೇಕು.

ಭಾರತದ ಪೈಲಟ್‌ಗಳಲ್ಲಿ ಸುಮಾರು ಶೇ. 15ರಷ್ಟು ಮಹಿಳೆಯರು, ಜಗತ್ತಿನ ಸರಾಸರಿಗಿಂತ ತುಂಬಾ ಹೆಚ್ಚು. ಹಾಗಾಗಿ ಮಗಳು ಕೇಳಿದರೆ ನಕ್ಕು ಬಿಡುವ ಮಾತಲ್ಲ. 12ನೇ ತರಗತಿ ಮುಗಿಸಿದ ಮಕ್ಕಳಿರುವ ಮನೆಯವರು ಈ ಸಲದ ರಜೆಗೆ ಟಿಕೆಟ್ ಮಾಡುವಾಗ ಮೆಡಿಕಲ್‌ಗೆ ಅಂತ ಕೆಲವು ದಿನ ಎತ್ತಿಡಲಿ. ಮುಂಗಡ ಕಟ್ಟಿದರೆ ಡಿಸ್ಕೌಂಟ್ ಅನ್ನುವ ಕಾಲೇಜಿಗೆ, ಮೆಡಿಕಲ್ ರಿಪೋರ್ಟ್ ಬಂದ ಮೇಲೆ ಮಾತಾಡೋಣ ಎಂದು ಹೇಳಿದರೆ ಸಾಕು.