ಸರದಿ ಪುಸ್ತಕವೂ ಮೊಬೈಲಿನ ಕ್ಯಾಲೆಂಡರೂ



ನಮ್ಮ ಕಸುಬು ತಾರೀಖಿನ ಕಸುಬು. ಅಡಿಕೆಗೆ ಬೋರ್ಡೋ ದ್ರಾವಣದ ಮೊದಲ ಸಿಂಪರಣೆ ಮುಂಗಾರು ಹಿಡಿಯುವ ಮುನ್ನ ಮುಗಿಯಬೇಕು. ಎರಡನೆಯದು ಅಲ್ಲಿಂದ 40–45 ದಿನಕ್ಕೆ ಆಗಬೇಕು. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕದ ದುಂಬಿ ಏಪ್ರಿಲ್-ಮೇ ತಿಂಗಳಲ್ಲೊಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಮತ್ತೊಮ್ಮೆ ಹಾರಿ ಬಂದು ಮೊಟ್ಟೆ ಇಡುತ್ತದೆ. ಅದಕ್ಕೆ ಮೊದಲೇ ಕೊರಕ ಹೊಕ್ಕ ಗಿಡವನ್ನು ಹುಡುಕಿ ಕಿತ್ತು ಸುಡತಕ್ಕದ್ದು. ರೋಬಸ್ಟಾಕ್ಕೆ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹೂಡುವ ದಿನ ಕಾಯುವುದಿಲ್ಲ. ಒಂದು ವಾರ ತಪ್ಪಿದರೆ ಒಂದು ವರ್ಷದ ಹುಟ್ಟುವಳಿಗೇ ಪೆಟ್ಟು ಎಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಸ್ವಂತ ತೋಟದ ತಾರೀಖುಗಳನ್ನು ನಾವೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತೇವೆ. ಅದೇ ಹಾಳೆಯಲ್ಲಿ ಆಳಿನ ಲೆಕ್ಕ, ಹಾಲಿನ ಲೆಕ್ಕ, ಅಮಾವಾಸ್ಯೆ ಎಲ್ಲವೂ ಇರುತ್ತದೆ. ಆದರೆ ಸಂಘದ ಸ್ಪ್ರೇಯರ್, ಅಡಿಕೆ ಸುಲಿಯುವ ಯಂತ್ರ, ಲಾರಿ ಇವು ಯಾರೊಬ್ಬರ ಸ್ವತ್ತೂ ಅಲ್ಲ. ಇವುಗಳ ತಾರೀಖು ಒಬ್ಬರ ಮನೆಯ ಗೋಡೆಯ ಮೇಲಿದ್ದರೆ ಸಾಲದು. ಅದಕ್ಕಾಗಿಯೇ ಸಂಘಗಳ ಕೌಂಟರಿನಲ್ಲಿ ಸರದಿ ಪುಸ್ತಕ ಬಂತು. ಈಗ ಆ ಪುಸ್ತಕದ ಬದಲು ಇ-ಮೇಲ್ ಜೊತೆಗೆ ಬರುವ ಹಂಚಿಕೆಯ ಕ್ಯಾಲೆಂಡರ್ ಇಟ್ಟುಕೊಳ್ಳೋಣ, ಆಡಳಿತ ಮಂಡಳಿಯ ಸಭೆಗೂ ಅದರಿಂದಲೇ ಕರೆ ಕಳಿಸೋಣ ಎಂಬ ಮಾತು ಎದ್ದಿದೆ. ಕೆಲವರಿಗೆ ಇದರಿಂದ ಎಲ್ಲ ತೊಡಕೂ ಬಗೆಹರಿದೀತು ಎಂಬ ನಂಬಿಕೆ. ಇನ್ನು ಕೆಲವರಿಗೆ ಇದು ಮೊಬೈಲ್ ಉಳ್ಳವರ ಉಪಾಯ ಎಂಬ ಗುಮಾನಿ. ಎರಡೂ ಪೂರ್ತಿ ಸರಿಯಲ್ಲ. ಕ್ಯಾಲೆಂಡರನ್ನು ತರಬೇಕು, ಆದರೆ ಅದು ಸರದಿಯನ್ನು ತೋರಿಸಬೇಕೇ ಹೊರತು ಸರದಿಯನ್ನು ನಿಶ್ಚಯಿಸಬಾರದು. ಇದು ನಮ್ಮ ಅಭಿಪ್ರಾಯ.

ಮೊದಲು ಈ ಆಹ್ವಾನವೆಂಬುದು ಏನೆಂದು ನೋಡೋಣ. ಸಭೆಯ ಕರೆ ಇ-ಮೇಲಿನಲ್ಲಿ ಬಂದಾಗ ಅದರೊಡನೆ ಐಸಿಎಸ್ ಎಂಬ ಪುಟ್ಟ ಕಡತವೊಂದು ಬರುತ್ತದೆ. ಕರೆದವರು ಯಾರು, ಯಾರನ್ನು ಕರೆದಿದ್ದಾರೆ, ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಎಂಬುದೂ, ಆ ಸಭೆಗೇ ಮೀಸಲಾದ ಒಂದು ಗುರುತಿನ ಸಂಖ್ಯೆಯೂ ಅದರಲ್ಲಿರುತ್ತದೆ. ಇದನ್ನು ಹೇಗೆ ಬರೆಯಬೇಕೆಂಬ ಸಾರ್ವತ್ರಿಕ ನಿಯಮ 1998ರಲ್ಲಿ ಪ್ರಕಟವಾಯಿತು, 2009ರಲ್ಲಿ ಪರಿಷ್ಕಾರಗೊಂಡಿತು. ಆದುದರಿಂದಲೇ ಒಬ್ಬರು ಔಟ್‌ಲುಕ್‌ನಿಂದ ಕಳಿಸಿದ್ದನ್ನು ಇನ್ನೊಬ್ಬರು ಗೂಗಲ್ ಕ್ಯಾಲೆಂಡರಿನಲ್ಲೋ ಥಂಡರ್‌ಬರ್ಡಿನಲ್ಲೋ ತೆರೆಯಬಹುದು. ಯಾವ ಕಂಪನಿಯದು ಎಂಬ ಚರ್ಚೆಯಲ್ಲಿ ಸಭೆಯ ಹೊತ್ತು ಕಳೆಯುವ ಅಗತ್ಯವಿಲ್ಲ.

ಕರೆಗೆ ಉತ್ತರ ಮೂರು ಬಗೆ: ಬರುತ್ತೇನೆ, ಬರುವುದಿಲ್ಲ, ಬರಬಹುದು. ಏನನ್ನೂ ಒತ್ತದೆ ಸುಮ್ಮನಿರುವುದು ನಾಲ್ಕನೆಯದು, ಮತ್ತು ತೊಂದರೆ ಕೊಡುವುದು ಇದೇ. ಕೋರಂ ಇಲ್ಲದೆ ಆಡಳಿತ ಮಂಡಳಿಯ ಸಭೆ ನಡೆಯದು. ಹನ್ನೊಂದು ನಿರ್ದೇಶಕರಲ್ಲಿ ಐವರು ಸುಮ್ಮನಿದ್ದರೆ ಸಭೆ ಆದೀತೋ ಇಲ್ಲವೋ ಎಂಬುದು ಕಾರ್ಯದರ್ಶಿಗೆ ಸಭೆಯ ದಿನ ಬೆಳಗ್ಗೆಯವರೆಗೂ ತಿಳಿಯದು. ಸಭೆ ಮುಂದೆ ಹೋದರೆ ಸಾಲದ ಅರ್ಜಿಗಳು ಮುಂದೆ ಹೋದವು, ಮೈಲುತುತ್ತಿನ ಖರೀದಿ ಮುಂದೆ ಹೋಯಿತು. ಮಳೆ ಮಾತ್ರ ಮುಂದೆ ಹೋಗುವುದಿಲ್ಲ. ನಮ್ಮ ಕಡೆ ಎದುರಿಗೆ ಇಲ್ಲವೆನ್ನಲು ಸಂಕೋಚ. ‘ನೋಡೋಣ’ ಎಂದುಬಿಡುವುದು ವಾಡಿಕೆ. ಆದರೆ ‘ಬರುವುದಿಲ್ಲ’ ಎಂಬ ಗುಂಡಿ ಒತ್ತಿದರೆ ಅದು ಅವಮರ್ಯಾದೆಯಲ್ಲ, ಉಪಕಾರ. ಬಾರದವರು ಯಾರೆಂದು ನಾಲ್ಕು ದಿನ ಮೊದಲು ಗೊತ್ತಾದರೆ ದಿನ ಬದಲಿಸಲು ಅವಕಾಶವುಂಟು.

ಉತ್ತರ ಕೊಡುವಲ್ಲಿಯೂ ಎರಡು ಸೂಕ್ಷ್ಮಗಳಿವೆ. ಬಂದ ಇ-ಮೇಲನ್ನು ಅಳಿಸಿಬಿಟ್ಟರೆ ಅದು ‘ಬರುವುದಿಲ್ಲ’ ಎಂಬ ಉತ್ತರವಾಗದು. ಕರೆದವರ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಉತ್ತರವಿಲ್ಲ ಎಂದೇ ಇರುತ್ತದೆ. ಔಟ್‌ಲುಕ್‌ನಲ್ಲಿ ಒಪ್ಪಿಗೆ ಒತ್ತಿದ ಮೇಲೂ ಉತ್ತರವನ್ನು ಕಳಿಸಬೇಕೋ ಬೇಡವೋ ಎಂದು ಕೇಳುವುದುಂಟು. ‘ಕಳಿಸಬೇಡ’ ಎಂದರೆ ಸಭೆ ನಿಮ್ಮ ಕ್ಯಾಲೆಂಡರಿನಲ್ಲಿ ಕೂರುತ್ತದೆ, ಕರೆದವರಿಗೆ ಸುದ್ದಿ ಮುಟ್ಟುವುದಿಲ್ಲ.

ಇನ್ನೊಂದು ಅಭ್ಯಾಸ, ಬಂದ ಆಹ್ವಾನದ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದು. ಉದ್ದೇಶ ಒಳ್ಳೆಯದೇ. ಆದರೆ ಸಭೆಯ ಹೊತ್ತು ಬದಲಾದಾಗ ಕ್ಯಾಲೆಂಡರಿನಲ್ಲಿರುವ ನಮೂದು ಆ ಗುರುತಿನ ಸಂಖ್ಯೆಯ ಆಧಾರದಿಂದ ತಾನೇ ತಿದ್ದಿಕೊಳ್ಳುತ್ತದೆ, ಫೋಟೋ ತಿದ್ದಿಕೊಳ್ಳುವುದಿಲ್ಲ. ಹತ್ತು ದಿನದ ಹಿಂದಿನ ಫೋಟೋ ನಂಬಿ ಹನ್ನೆರಡು ಕಿಲೋಮೀಟರ್ ಜೀಪಿನಲ್ಲಿ ಬಂದವರಿಗೆ ಬೀಗ ಹಾಕಿದ ಬಾಗಿಲು ಕಂಡರೆ ಸಂಘದ ಮೇಲೆ ಸಿಟ್ಟು ಬರುವುದು ಸಹಜ.

ಪ್ರತಿ ತಿಂಗಳೂ ನಡೆಯುವ ಸಭೆಯನ್ನು ಒಮ್ಮೆ ಬರೆದು ‘ತಿಂಗಳ ಎರಡನೆಯ ಮಂಗಳವಾರ’ ಎಂದು ನಿಯಮ ಹಾಕಿದರೆ ವರ್ಷವಿಡೀ ತಾನೇ ಕೂರುತ್ತದೆ. ಇದು ದೊಡ್ಡ ಅನುಕೂಲ. ಆದರೆ ಈ ನಿಯಮಗಳು ಇಂಗ್ಲಿಷ್ ತಿಂಗಳಿನವು. ‘ಪ್ರತಿ ಅಮಾವಾಸ್ಯೆ ಬಿಟ್ಟು’ ಎಂದು ಅದಕ್ಕೆ ಹೇಳುವ ದಾರಿ ನಾವು ಬಳಸುವ ಕ್ಯಾಲೆಂಡರುಗಳಲ್ಲಿ ಇಲ್ಲ. ಆದುದರಿಂದ ಯುಗಾದಿಯ ಹೊತ್ತಿಗೆ ಪಂಚಾಂಗ ಪಕ್ಕದಲ್ಲಿಟ್ಟುಕೊಂಡು ಹನ್ನೆರಡು ತಿಂಗಳ ಸಭೆಗಳನ್ನೂ ಒಮ್ಮೆ ನೋಡಿ, ಹಬ್ಬ, ಜಾತ್ರೆ, ಅಮಾವಾಸ್ಯೆಗೆ ತಾಗಿದ್ದನ್ನು ಕೈಯಾರೆ ಸರಿಸತಕ್ಕದ್ದು. ಸರಿಸುವಾಗ ‘ಈ ಸಭೆ ಮಾತ್ರವೋ, ಎಲ್ಲ ಸಭೆಗಳೂ ಸಹವೋ’ ಎಂದು ಯಂತ್ರ ಕೇಳುತ್ತದೆ. ಅವಸರದಲ್ಲಿ ‘ಎಲ್ಲ’ ಎಂದರೆ ಇಡೀ ವರ್ಷದ ಸಭೆಗಳು ಪಲ್ಲಟವಾಗಿ, ಎಲ್ಲ ನಿರ್ದೇಶಕರಿಗೂ ಹೊಸ ಕರೆ ಹೋಗುತ್ತದೆ.

ಇದೇ ಸಂದರ್ಭದಲ್ಲಿ ಪರದೇಶದಲ್ಲಿರುವ ಮಕ್ಕಳ ವಿಷಯ ಹೇಳಬೇಕು. ಹಿರಿಯ ಸದಸ್ಯರ ಇ-ಮೇಲನ್ನು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಗ ಅಥವಾ ಮಗಳು ನೋಡಿಕೊಳ್ಳುವುದು ಇತ್ತೀಚೆಗೆ ಸಾಮಾನ್ಯ. ಅವರ ಸಹಾಯ ಬೇಕು. ಆದರೆ ಅವರು ಕ್ಯಾಲಿಫೋರ್ನಿಯದ ಹೊತ್ತಿನಲ್ಲಿ ಮರುಕಳಿಸುವ ಸಭೆ ಬರೆದರೆ ಒಂದು ಪೇಚು ಉಂಟು. ಅಲ್ಲಿ ಮಾರ್ಚಿಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ ನವೆಂಬರಿನಲ್ಲಿ ಹಿಂದಕ್ಕೂ ತಿರುಗಿಸುತ್ತಾರೆ. ಅಲ್ಲಿನ ರಾತ್ರಿ 9 ಗಂಟೆ ಎಂದು ಬರೆದದ್ದು ಬೇಸಿಗೆಯಲ್ಲಿ ನಮಗೆ ಮರುದಿನ ಬೆಳಗ್ಗೆ 9:30. ನವೆಂಬರಿನ ಅನಂತರ ಅದೇ ನಮೂದು 10:30ಕ್ಕೆ ಬಂದು ನಿಲ್ಲುತ್ತದೆ. ಸಂಘದ ಸಭೆಯನ್ನು ಭಾರತದ ಕಾಲಮಾನದಲ್ಲಿ, ಸಂಘದ ಖಾತೆಯಿಂದಲೇ ಬರೆದರೆ ಈ ಗೊಂದಲವಿಲ್ಲ. ಆಗ ಅವರವರ ಫೋನು ಅವರವರ ಊರಿನ ಹೊತ್ತನ್ನು ತೋರಿಸುತ್ತದೆ.

ಸಂಘದ ಖಾತೆ ಎಂದದ್ದನ್ನು ಒತ್ತಿ ಹೇಳುತ್ತೇವೆ. ಸಭೆಯನ್ನು ಬದಲಿಸುವ, ರದ್ದು ಮಾಡುವ ಅಧಿಕಾರ ಅದನ್ನು ಕರೆದ ಖಾತೆಗೇ ಸೇರಿದ್ದು. ಕಾರ್ಯದರ್ಶಿಯ ಸ್ವಂತ ಖಾತೆಯಿಂದ ಕರೆ ಹೋದರೆ, ಆತ ನಿವೃತ್ತನಾದ ಮೇಲೂ ಮುಂದಿನ ಸಭೆಗಳು ಆತನ ಹೆಸರಿನಲ್ಲೇ ಉಳಿದು, ಹೊಸಬರಿಗೆ ಅವನ್ನು ಮುಟ್ಟಲಾಗದು. ಗೂಗಲ್‌ನವರು 2023ರಲ್ಲಿ ತಂದ ನಿಯಮದ ಪ್ರಕಾರ ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅವರು ಅಳಿಸಿಹಾಕಬಹುದು. ಸಂಘದ ನಡಾವಳಿ ಪುಸ್ತಕವನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಕ್ಯಾಲೆಂಡರಿಗೂ ಅದೇ ರೀತಿ ಸಲ್ಲಬೇಕು. ಗುಪ್ತಪದ ಅಧ್ಯಕ್ಷರ ಬಳಿ ಮೊಹರು ಮಾಡಿದ ಲಕೋಟೆಯಲ್ಲೊಂದು ಪ್ರತಿ ಇರಲಿ.

ಯಾರು ಎಷ್ಟು ನೋಡಬಹುದು ಎಂಬುದೂ ಮುಖ್ಯ. ಗೂಗಲ್ ಕ್ಯಾಲೆಂಡರಿನಲ್ಲಿ ನಾಲ್ಕು ಮೆಟ್ಟಿಲುಗಳಿವೆ: ಬಿಡುವೋ ಅಲ್ಲವೋ ಎಂಬುದು ಮಾತ್ರ ಕಾಣುವುದು, ವಿವರವೆಲ್ಲ ಕಾಣುವುದು, ತಿದ್ದಲೂ ಬರುವುದು, ತಿದ್ದುವುದಲ್ಲದೆ ಬೇರೆಯವರಿಗೆ ಹಂಚಲೂ ಬರುವುದು. ನಿರ್ದೇಶಕರ ಸ್ವಂತ ಕ್ಯಾಲೆಂಡರಿನಲ್ಲಿ ಸಂಘಕ್ಕೆ ಬೇಕಾದದ್ದು ಮೊದಲ ಮೆಟ್ಟಿಲಷ್ಟೆ. ಯಾರು ಯಾವ ಡಾಕ್ಟರರಲ್ಲಿಗೆ ಹೋದರು, ಯಾರ ಮನೆಗೆ ವರನ ಕಡೆಯವರು ಬಂದರು ಎಂಬುದು ಸಂಘದ ವಿಷಯವಲ್ಲ. ಸರದಿಯ ಕ್ಯಾಲೆಂಡರನ್ನು ಎಲ್ಲ ಸದಸ್ಯರೂ ನೋಡಲಿ. ತಿದ್ದುವ ಕೈ ಒಂದೋ ಎರಡೋ ಇರಲಿ.

ಏಕೆಂದರೆ ದೊಡ್ಡ ಕಚೇರಿಗಳು ಹಣ ಕೊಟ್ಟು ಪಡೆಯುವ ವ್ಯವಸ್ಥೆಯಲ್ಲಿ ಸಭಾಕೊಠಡಿಗೂ ಯಂತ್ರಕ್ಕೂ ತನ್ನದೇ ಕ್ಯಾಲೆಂಡರ್ ಇದ್ದು, ಒಂದೇ ಹೊತ್ತಿಗೆ ಇಬ್ಬರು ಕೇಳಿದರೆ ಎರಡನೆಯವರಿಗೆ ತಾನೇ ಇಲ್ಲವೆನ್ನುವಂತೆ ಮಾಡಬಹುದು. ಪುಕ್ಕಟೆ ಸಿಗುವ ಕ್ಯಾಲೆಂಡರ್ ಹಾಗಲ್ಲ. ಒಂದೇ ಸ್ಪ್ರೇಯರಿಗೆ ಒಂದೇ ದಿನ ಇಬ್ಬರು ಹೆಸರು ಬರೆದರೂ ಅದು ಎರಡನ್ನೂ ಅಕ್ಕಪಕ್ಕದಲ್ಲಿ ತೋರಿಸಿ ಸುಮ್ಮನಿರುತ್ತದೆ. ಜಗಳ ತೋಟದಲ್ಲಿ ಆಗುತ್ತದೆ.

ಈಗ ಮುಖ್ಯ ಮಾತಿಗೆ ಬರೋಣ. ಮುಂಗಾರಿಗೆ ಮುಂಚಿನ ಬಿಸಿಲಿನ ದಿನಗಳೇ ನಮ್ಮ ನಡುವೆ ಹಂಚಬೇಕಾದ ನಿಜವಾದ ಆಸ್ತಿ. ಎಲ್ಲರೂ ಎಲ್ಲಿಂದಲಾದರೂ ಹೆಸರು ಬರೆಯಬಹುದು ಎಂದು ಬಿಟ್ಟರೆ ಆ ದಿನಗಳು ಯಾರ ಪಾಲಾದಾವು? ಟವರ್ ಸಿಗುವ ಗುಡ್ಡದ ಮೇಲೆ ಮನೆ ಇದ್ದವರ ಪಾಲು. ಬೆರಳು ಚುರುಕಿರುವ ಮಗ ಮನೆಯಲ್ಲಿದ್ದವರ ಪಾಲು. ಕಣಿವೆಯೊಳಗೆ ಒಂದೂವರೆ ಎಕರೆ ತೋಟ ಇಟ್ಟುಕೊಂಡು, ಗುಂಡಿಯ ಫೋನು ಹಿಡಿದು, ಒಬ್ಬಂಟಿಯಾಗಿ ಸಂಸಾರ ನಡೆಸುವ ಅಮ್ಮನಿಗೆ ಮಳೆ ಹಿಡಿದ ಮೇಲಿನ ದಿನ. ಆಕೆಯದೂ ಒಂದು ಷೇರೇ, ನಮ್ಮದೂ ಒಂದು ಷೇರೇ. ಸದಸ್ಯನೊಬ್ಬನಿಗೆ ಒಂದು ಮತ ಎಂಬ ತತ್ತ್ವದ ಮೇಲೆ ನಿಂತ ಸಂಸ್ಥೆಯಲ್ಲಿ ಕೊಳೆರೋಗದ ನಷ್ಟ ಫೋನಿಲ್ಲದವರ ಪಾಲಿಗೆ ಬೀಳುವಂತಾಗಬಾರದು.

ಹಾಗಾದರೆ ಕ್ಯಾಲೆಂಡರೇ ಏಕೆ, ಫೋನ್ ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಫೋನಿನಲ್ಲಿ ಹೇಳಿದ ಮಾತಿಗೆ ಗುರುತಿಲ್ಲ. ಸರದಿ ಪುಸ್ತಕ ಕೌಂಟರಿನಲ್ಲಿದೆ, ನೋಡಲು ಪೇಟೆಗೆ ಬರಬೇಕು. ಪುಟ ಎಲ್ಲರಿಗೂ ಕಾಣದ ಕಾರಣ ‘ಅವರಿಗೆ ಮೊದಲು ಕೊಟ್ಟರಂತೆ’ ಎಂಬ ಮಾತು ಹುಟ್ಟುತ್ತದೆ. ಪುಸ್ತಕದಲ್ಲಿದ್ದುದು ಎಲ್ಲರ ಕಣ್ಣಿಗೂ ಬಿದ್ದರೆ ಆ ಮಾತಿಗೆ ಜಾಗವಿರದು. ಇಷ್ಟು ಲಾಭ ಸಾಕು, ಅದಕ್ಕಾಗಿಯೇ ನಾವು ಇದನ್ನು ಬೆಂಬಲಿಸುತ್ತೇವೆ.

ನಮ್ಮ ಸಲಹೆಗಳು ಹೀಗಿವೆ.

ಒಂದು, ಸರದಿ ಮೊದಲು ಪುಸ್ತಕದಲ್ಲಿ, ಬಂದ ಕ್ರಮದಲ್ಲಿ ಬರೆಯಲ್ಪಡಲಿ. ಕೌಂಟರಿಗೆ ಬಂದು ಹೇಳಿದ್ದಕ್ಕೂ ಫೋನಿನಲ್ಲಿ ಹೇಳಿದ್ದಕ್ಕೂ ಒಂದೇ ಬೆಲೆ ಇರಲಿ. ಅಂದು ಸಂಜೆಯೊಳಗೆ ಗುಮಾಸ್ತರು ಅದನ್ನು ಕ್ಯಾಲೆಂಡರಿಗೆ ಏರಿಸಲಿ. ಎರಡರಲ್ಲಿ ವ್ಯತ್ಯಾಸ ಬಂದರೆ ಪುಸ್ತಕವೇ ಪ್ರಮಾಣ.

ಎರಡು, ಪ್ರತಿ ಸೋಮವಾರ ಆ ವಾರದ ಪುಟವನ್ನು ಮುದ್ರಿಸಿ ಸಂಘದ ಫಲಕಕ್ಕೆ ಹಚ್ಚಲಿ.

ಮೂರು, ಮಳೆಗಾಲದಲ್ಲಿ ಕರೆಂಟೂ ಟವರೂ ಒಟ್ಟಿಗೆ ಹೋಗುವುದು ನಮಗೆ ಹೊಸತಲ್ಲ. ಸಂಪರ್ಕವಿಲ್ಲದ ಫೋನು ಹಿಂದೆ ಪಡೆದಿದ್ದ ವಿವರವನ್ನೇ ತೋರಿಸುತ್ತಿರುತ್ತದೆ. ಆದುದರಿಂದ ಎರಡು ದಿನದೊಳಗಿನ ಬದಲಾವಣೆಯನ್ನು ಬಾಯಿಮಾತಿನಲ್ಲಿಯೂ ಮುಟ್ಟಿಸತಕ್ಕದ್ದು.

ನಾಲ್ಕು, ನಿರ್ದೇಶಕರು ಕರೆ ಬಂದ ಮೂರು ದಿನದೊಳಗೆ ಉತ್ತರಿಸುವುದಾಗಿ ಠರಾವು ಮಾಡಲಿ.

ಐದು, ಮಹಾಸಭೆಗೆ ಕ್ಯಾಲೆಂಡರಿನ ಕರೆ ಜ್ಞಾಪಕಕ್ಕೆ ಮಾತ್ರ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಗೂ ನಮ್ಮ ಬೈಲಾಕ್ಕೂ ಒಳಪಟ್ಟ ನೋಟಿಸನ್ನು, ಅಲ್ಲಿ ಹೇಳಿದ ರೀತಿಯಲ್ಲೇ ಕಳಿಸತಕ್ಕದ್ದು. ಫೋನು ಸದ್ದು ಮಾಡಿತು ಎಂಬುದು ನೋಟಿಸು ಜಾರಿಗೆ ಸಾಕ್ಷಿಯಾಗದು.

ಆರು, ಗುರುತಿಲ್ಲದವರಿಂದ ಬಹುಮಾನ, ಸಬ್ಸಿಡಿ, ಕೆವೈಸಿ ಎಂದು ಕ್ಯಾಲೆಂಡರಿನಲ್ಲೇ ಬಂದು ಕೂರುವ ಆಹ್ವಾನಗಳುಂಟು. ಅದರೊಳಗಿನ ಕೊಂಡಿ ಒತ್ತಬೇಡಿ. ಪರಿಚಿತರ ಕರೆ ಮಾತ್ರ ತಾನೇ ಸೇರುವಂತೆ ಇಟ್ಟುಕೊಳ್ಳಲು ಗೂಗಲ್ ಕ್ಯಾಲೆಂಡರಿನಲ್ಲಿ ಅವಕಾಶವಿದೆ. ಹೇಗೆಂದು ಕಚೇರಿಯಲ್ಲಿ ತೋರಿಸಿಕೊಡಲಾಗುವುದು.

ಈ ವಿಷಯ ಮುಂದಿನ ಆಡಳಿತ ಮಂಡಳಿ ಸಭೆಯ ಮುಂದೆ ಬರಲಿದೆ. ಒಪ್ಪುವವರೂ ಒಪ್ಪದವರೂ ಎರಡು ಸಾಲು ಬರೆದು ತಿಳಿಸಬೇಕೆಂದು ಕೋರುತ್ತೇವೆ. ಇ-ಮೇಲಾದರೂ ಸರಿ, ಅಂಚೆ ಕಾರ್ಡಾದರೂ ಸರಿ, ಗೊಬ್ಬರ ಒಯ್ಯಲು ಬಂದಾಗ ಕೌಂಟರಿನಲ್ಲಿ ಹೇಳಿ ಹೋದರೂ ಸರಿ. ಎಲ್ಲವನ್ನೂ ಬರೆದಿಟ್ಟುಕೊಂಡು ಸಭೆಯ ಮುಂದೆ ಓದಲಾಗುವುದು.