ಇಸಬಗೋಲಕ್ಕಿಂತ ಮೊದಲ ಒಂದ ತಂಬಗಿ ನೀರು

ಹಾಸಿಗಿ ಹಿಡ್ದ ಮುದುಕರಿಗಿ ಮೂರ್ ದಿನ ಆದ್ರೂ ಹೊಟ್ಟಿ ಸಾಫ್ ಆಗಿಲ್ಲ ಅಂದ್ರ ನಮ್ಮ ನಿರ್ಣಾದಾಗ ಎಲ್ಲಾರ ಬಾಯಾಗೂ ಒಂದೇ ಮಾತು: "ವಯಸ್ಸಾಯ್ತಲ್ಲ, ಹಂಗೇ." ಅಕ್ಕಗೋಳೆ, ವೈನಿಗೋಳೆ, ನಾ ಈ ಮಾತು ಒಪ್ಪಲ್ಲ. ವಯಸ್ಸಿಂದೂ ಪಾಲು ಅದ, ಖರೆ. ಉಳದ ಕೆಲಸ ನಮ್ಮ ಅಡಗಿಮನಿ ಮಾಡ್ಲತ್ತದ, ನಮ್ಮ ಬೇಸರ ಮಾಡ್ಲತ್ತದ.

ಜೀವಮಾನ ಪೂರ್ತಿ ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ, ಬ್ಯಾಳಿ ಉಂಡ ಹೊಟ್ಟಿ ಅದು. ಹಲ್ಲು ಹೋದ ಕೂಡ್ಲೆ ರೊಟ್ಟಿ ಬಂದ್ ಮಾಡ್ತೀವಿ. ಮುಂಜಾನಿ ಚಾ-ಬಿಸ್ಕೀಟ, ಮಧ್ಯಾಹ್ನ ಹಾಲು-ಅನ್ನ, ರಾತ್ರಿ ಮತ್ತ ಹಾಲು-ಅನ್ನ. "ಮೆತ್ತಗ ಅದ, ಸರಳ ಇಳಿತದ" ಅಂತೀವಿ. ಇಳಿತದ, ಮುಂದ ಹೋಗಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಾಗ ತಂದ ಪಟ್ಟಿ ಪ್ರಕಾರ 100 ಗ್ರಾಂ ಜೋಳದಾಗ ಸುಮಾರು 10 ಗ್ರಾಂ ನಾರು ಅದ, ಪಾಲಿಶ್ ಅಕ್ಕ್ಯಾಗ 3 ಗ್ರಾಂನೂ ಇಲ್ಲ. ಹಾಲಿನ್ಯಾಗಂತೂ ನಾರೇ ಇಲ್ಲ. ದೊಡ್ಡವರಿಗಿ ದಿನಕ್ಕ 25 ಗ್ರಾಂ ಆದ್ರೂ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದ. ಲೆಕ್ಕ ನೀವೇ ಹಾಕ್ರಿ.

ಹಲ್ಲಿಲ್ಲಂದ್ರ ರೊಟ್ಟಿ ಮುರದು ಬಿಸಿ ಬ್ಯಾಳ್ಯಾಗ ನೆನಸ್ರಿ. ಜೋಳದ ನುಚ್ಚು ಮಾಡ್ರಿ, ಅಂಬಲಿ ಕಾಸ್ರಿ. ಪುಂಡಿಪಲ್ಯ ಮೆತ್ತಗ ಕುದಿಸಿ ಮಸೀರಿ. ಎಳ್ಳಮಾಸಿ ಭಜ್ಜಿ ವರ್ಷಕ್ಕ ಒಂದೇ ದಿನ ಯಾಕ? ಕಾಳು, ಕಾಯಿಪಲ್ಯ, ಮೆಂತಿ ಎಲ್ಲ ಕೂಡಿಸಿ ಕುದಿಸಿದ್ದು ಮುದುಕರ ಬಾಯಿಗಿ ಹೇಳಿ ಮಾಡಿಸ್ದಂಗ ಅದ.

ಈಗ ಕಹಿ ಮಾತು. "ರಾತ್ರಿ ಎಬ್ಬಸ್ಬೇಕಾಗ್ತದ" ಅಂತ ಸಂಜಿಕಡಿಂದ ನೀರು ಕೊಡಲ್ಲ. ಮುದುಕರೂ ಶ್ಯಾಣ್ಯಾರು, ಸೊಸಿಗಿ ತ್ರಾಸ ಆಗ್ತದಂತ ತಾವೇ ಕೇಳಲ್ಲ. ಕರುಳಾಗ ನೀರಿಲ್ಲಂದ್ರ ಮಲ ಕಲ್ಲಾಗ್ತದ. ಅದರ ಮ್ಯಾಲ ಇಸಬಗೋಲ ತಿನಸ್ತೀವಿ. ಇಸಬಗೋಲ ನೀರು ಹೀರಿ ಉಬ್ಬೋದು. ತುಂಬ ಗ್ಲಾಸ್ ನೀರಿಲ್ದ ಕೊಟ್ರ ಗಂಟಲಾಗ, ಕರುಳಾಗ ಸಿಗಬೀಳ್ತದ. ನುಂಗಲಿಕ್ಕಿ ತ್ರಾಸ ಇದ್ದೋರಿಗಿ ಕೊಡ್ಲೇಬ್ಯಾಡ್ರಿ. ಊಟದಾಗಿನ ನಾರೂ ಒಮ್ಮೆಲೆ ಹೆಚ್ಚ ಮಾಡಿದ್ರ ಹೊಟ್ಟಿ ಉಬ್ಬರಸ್ತದ. ದಿನಾ ಸ್ವಲ್ಪ ಸ್ವಲ್ಪ ಏರಸ್ರಿ, ಸಂಗಟ ನೀರೂ ಏರಸ್ರಿ. ಹಗಲೆಲ್ಲ ಕುಡಸಿದ್ರ ರಾತ್ರಿ ಎಬ್ಬಸೋದು ಕಡಿಮಿ. ಹೃದಯ, ಕಿಡ್ನಿ ರೋಗ ಇದ್ದೋರ ನೀರಿನ ಅಳತಿ ಮಾತ್ರ ಡಾಕ್ಟರರಿಗೇ ಕೇಳ್ರಿ.

ನಾಷ್ಟಾ ಆದ ಮ್ಯಾಲ ಕರುಳು ತಾನೇ ಎಚ್ಚರಾಗ್ತದ. ಆವಾಗ ಪಾಯಖಾನಿ ಕುರ್ಚಿ ಮ್ಯಾಲ ಕೂಡಸಿ, ಕಾಲ ಕೆಳಗ ಒಂದ ಮಣಿ ಇಡ್ರಿ, ಅವಸರ ಮಾಡಬ್ಯಾಡ್ರಿ. ರಕ್ತ ಕಡಿಮಿ ಅದಂತ ಕೊಟ್ಟ ಕಬ್ಬಿಣದ ಗುಳಗಿ, ಕೆಲವು ನೋವಿನ ಗುಳಗಿ ಸೈತ ಮಲ ಕಟ್ಟಸ್ತಾವ. ಚೀಲ ಒಯ್ದು ಡಾಕ್ಟರರಿಗಿ ತೋರಸ್ರಿ. ಹೊಟ್ಟಿ ಉಬ್ಬಿ ವಾಂತಿ ಆದ್ರ, ರಕ್ತ ಬಿದ್ರ ಮನಿಮದ್ದು ಬಿಟ್ಟು ದವಾಖಾನಿಗಿ ನಡೀರಿ. ದಿನಗಟ್ಲೆ ಕಟ್ಟಿ, ಆಮ್ಯಾಲ ನೀರ ನೀರ ಸೋರಿದ್ರ ಜುಲಾಬ ಅಂತ ತಿಳಕೊಂಡು ಜುಲಾಬಿನ ಗುಳಗಿ ಕೊಡಬ್ಯಾಡ್ರಿ. ಒಳಗ ಗಟ್ಟಿ ಮಲ ಕೂತಾಗ ಬಗಲಿಂದ ಹಿಂಗ ಸೋರ್ತದ.

ಕೊನಿಗಿ ಮನಿ ಗಂಡಸರಿಗಿ. ಬಸವಕಲ್ಯಾಣದ ಬಗಲಾಗ ಹುಟ್ಟಿ ಕಾಯಕ, ದಾಸೋಹ ಅಂತ ಬಾಯಿ ತುಂಬ ಅಂತೀರಿ. ಹೆತ್ತವ್ವಗ ರಾತ್ರಿ ಎರಡಕ್ಕ ಎಬ್ಬಸಿ ಕೂಡಸೋದು ಯಾರ ಕಾಯಕ? ಹಗಲೆಲ್ಲ ದುಡ್ದ ಸೊಸಿ ಒಬ್ಬಾಕಿನೇ ಏಳಬೇಕಂದ್ರ ಆಕಿ ನೀರು ಕಡಿಮಿ ಮಾಡೇ ಮಾಡ್ತಾಳ. ಆಕಿಗಿ ಬೈಬ್ಯಾಡ್ರಿ, ಪಾಳಿ ಹಚ್ರಿ. ಒಂದ ರಾತ್ರಿ ಸೊಸಿ, ಒಂದ ರಾತ್ರಿ ಮಗ. ಅಲ್ಲೀತನ ಇಸಬಗೋಲ ತಂದಿಟ್ಟು "ಅವ್ವಗ ಔಷಧ ತಂದೀನಿ" ಅಂತ ಹೇಳ್ಕೋಬ್ಯಾಡ್ರಿ.